ಸ್ಕ್ಯಾನಲ್ಲಿ ಎಂಟು ವಾರ ಅಂದ್ರೆ ಮಗುಗೆ ಎಂಟು ವಾರ ಅಂತಲ್ಲ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಬರೀ ಲೆಕ್ಕದ್ದೇ, ಎಷ್ಟು ವಾರ ಆಯ್ತು, ಯಾವ ಡೇಟು ನಂಬೋದು, ಕಾರ್ಡಲ್ಲಿ ಬರೆದಿರೋ ಅಕ್ಷರ ಏನು ಅಂತ. ಮೊದಲನೇ ಕಾಗದ ಓದಿ ನಂಗೆ ರಾತ್ರಿ ಸರಿಯಾಗಿ ನಿದ್ದೆ ಬರ್ಲಿಲ್ಲ, ಅದಕ್ಕೇ ಅದಕ್ಕೆ ಜಾಸ್ತಿ ಜಾಗ ತಗೊಂಡಿದೀನಿ, ಉಳಿದೋರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನಮ್ದು ಮುಳಬಾಗಿಲು ತಾಲ್ಲೂಕು, ಆವಣಿ ಹತ್ರ ಹಳ್ಳಿ. ನಮ್ಮನೆಯವ್ರು ಚೆನ್ನೈನಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗ್ತಾರೆ. ಸಂಕ್ರಾಂತಿ ಮುಗಿಸ್ಕೊಂಡು ಹೋದೋರು ಶಿವರಾತ್ರಿ ಜಾತ್ರೆಗೆ ಬರ್ತೀನಿ ಅಂದಿದ್ರು, ಆಗ್ಲಿಲ್ಲ, ಮಾರ್ಚ್ 2 ಭಾನುವಾರ ಬಂದ್ರು. ಆ ತಿಂಗಳು ನಂಗೆ ಮುಟ್ಟು ನಿಂತೋಯ್ತು. ಏಪ್ರಿಲ್ 17ಕ್ಕೆ ಸ್ಕ್ಯಾನ್ ಮಾಡಿಸಿದ್ವಿ, 8 ವಾರ ಅಂತ ಬಂತು. ನಮ್ಮತ್ತೆ ಕ್ಯಾಲೆಂಡರ್ ಇಳಿಸ್ಕೊಂಡು ಎಂಟು ವಾರ ಹಿಂದಕ್ಕೆ ಎಣಿಸಿದ್ರು, ಫೆಬ್ರವರಿ 20ಕ್ಕೆ ಬಂತು. ಅವತ್ತು ನನ್ ಮಗ ಊರಲ್ಲೇ ಇರ್ಲಿಲ್ವಲ್ಲ ಅಂತ ಶುರು ಮಾಡಿದಾರೆ. ನಮ್ಮನೆಯವ್ರು ಬಾಯಲ್ಲಿ ಏನೂ ಅನ್ನಲ್ಲ ಆದ್ರೆ ಮಾತೇ ಆಡ್ತಿಲ್ಲ. ನಂಗೆ ಕೊನೇ ಸಲ ಮುಟ್ಟಾಗಿದ್ದು ಶಿವರಾತ್ರಿಗೆ ಆರು ದಿನ ಮುಂಚೆ. ದೇವರಾಣೆ ನಾನೇನೂ ತಪ್ಪು ಮಾಡಿಲ್ಲ. ಸ್ಕ್ಯಾನ್ ಹಿಂಗ್ಯಾಕೆ ತೋರಿಸ್ತು? ಹೆಸರು ಹಾಕ್ಬೇಡಿ.

ಉತ್ತರ: ಅಮ್ಮಾ, ಮೊದಲು ಕಣ್ಣೀರು ಒರೆಸ್ಕೊಳಿ. ಸ್ಕ್ಯಾನ್ ತಪ್ಪಿಲ್ಲ, ನೀವೂ ತಪ್ಪಿಲ್ಲ, ತಪ್ಪಾಗಿರೋದು ನಿಮ್ಮತ್ತೆ ಲೆಕ್ಕ ಹಾಕಿದ ರೀತಿ, ಅದೂ ಅವರಿಗೆ ಯಾರೂ ಹೇಳ್ಕೊಡದೇ ಇರೋದ್ರಿಂದ. ಈ ಪುಟಾನ ಹಂಗೇ ಮಡಿಚಿ ನಿಮ್ಮ ಯಜಮಾನ್ರ ಕೈಗೆ ಕೊಡಿ, ಅವರಿಗೇ ಬರೀತಿದೀನಿ ಅಂದ್ಕೊಳಿ.

ಡಾಕ್ಟ್ರು "ಎಂಟು ವಾರ" ಅಂದ್ರೆ ಗಂಡ ಹೆಂಡತಿ ಸೇರಿ ಎಂಟು ವಾರ ಆಯ್ತು ಅಂತ ಅಲ್ಲವೇ ಅಲ್ಲ. ಬಸುರಿನ ಲೆಕ್ಕ ಶುರು ಆಗೋದು ಕೊನೇ ಸಲ ಮುಟ್ಟಾದ ಮೊದಲನೇ ದಿನದಿಂದ, ಅದಕ್ಕೆ ನಾವು ಎಲ್‌ಎಂಪಿ ಅಂತೀವಿ. ಅವತ್ತು ಹೊಟ್ಟೇಲಿ ಮಗು ಇರಲ್ಲ, ಮೊಟ್ಟೆ ಕೂಡ ಬಲಿತಿರಲ್ಲ. 28 ದಿನಕ್ಕೊಂದ್ಸಲ ಮುಟ್ಟಾಗೋರಲ್ಲಿ ಮೊಟ್ಟೆ ಹೊರಗೆ ಬರೋದು ಸುಮಾರು 14ನೇ ದಿನ, ಗರ್ಭ ಕಟ್ಟೋದು ಅದಾದ್ಮೇಲೆ. ಅಂದ್ರೆ ಕಾರ್ಡಲ್ಲಿರೋ ವಾರಕ್ಕಿಂತ ಮಗುವಿನ ನಿಜವಾದ ವಯಸ್ಸು ಎರಡು ವಾರ ಕಮ್ಮಿ. ಕಾರ್ಡಲ್ಲಿ 8 ಅಂತಿದ್ರೆ ಮಗುಗೆ 6 ವಾರ.

ಈಗ ನಿಮ್ದೇ ಹಾಕೋಣ. ಶಿವರಾತ್ರಿ ಫೆಬ್ರವರಿ 26ಕ್ಕಿತ್ತು, ಅದಕ್ಕೆ ಆರು ದಿನ ಮುಂಚೆ ಅಂದ್ರೆ 20. ನೋಡಿ, ನಿಮ್ಮತ್ತೆ ಎಣಿಸಿ ಎಣಿಸಿ ಕೊನೆಗೆ ತಲುಪಿದ್ದು ನೀವು ಮುಟ್ಟಾದ ದಿನಕ್ಕೇ! ಅಲ್ಲಿಂದ 14 ದಿನ ಮುಂದಕ್ಕೆ ಬಂದ್ರೆ ಮಾರ್ಚ್ 6. ನಿಮ್ಮನೆಯವ್ರು ಬಂದಿದ್ದು ಮಾರ್ಚ್ 2. ಇದಕ್ಕಿಂತ ಸರಿಯಾಗಿ ಹೊಂದೋ ಲೆಕ್ಕ ಇನ್ನೆಲ್ಲಿದೆ? ಈ 6ನೇ ತಾರೀಕನ್ನೂ ಗೂಟ ಹೊಡೆದಂಗೆ ಹಿಡ್ಕೋಬೇಡಿ, ಮೊಟ್ಟೆ ಬರೋದು ನಾಲ್ಕೈದು ದಿನ ಹಿಂದೆ ಮುಂದೆ ಆಗುತ್ತೆ, ಗಂಡಸಿನ ವೀರ್ಯಾಣು ಒಳಗೆ ಐದು ದಿನದವರೆಗೂ ಬದುಕಿರುತ್ತೆ, ಇಷ್ಟು ಸಣ್ಣ ಮಗುವಿನ ಸ್ಕ್ಯಾನಲ್ಲೂ ಐದು ದಿನದಷ್ಟು ಆಚೀಚೆ ಇದ್ದೇ ಇರುತ್ತೆ. ಇಂಥಾ ದಿನವೇ ಗರ್ಭ ಕಟ್ತು ಅಂತ ಸ್ಕ್ಯಾನ್ ನೋಡಿ ಜಗತ್ತಲ್ಲಿ ಯಾವ ಡಾಕ್ಟ್ರೂ ಹೇಳಕ್ಕಾಗಲ್ಲ, ಹಂಗಿರುವಾಗ ಗೋಡೆ ಕ್ಯಾಲೆಂಡರ್ ಇಟ್ಕೊಂಡು ಮನೆಮಗಳ ಮೇಲೆ ಅಪವಾದ ಹೊರಿಸೋದು ಅನ್ಯಾಯ.

ಹಂಗಾದ್ರೆ ಡಾಕ್ಟ್ರುಗಳು ಇಲ್ಲದೇ ಇರೋ ಎರಡು ವಾರ ಯಾಕೆ ಸೇರಿಸ್ತಾರೆ ಅಂತ ನಿಮ್ಮನೆಯವ್ರು ಕೇಳಬಹುದು, ನ್ಯಾಯವಾದ ಪ್ರಶ್ನೆ. ಗರ್ಭ ಕಟ್ಟಿದ ಗಳಿಗೆ ಯಾರ ಕಣ್ಣಿಗೂ ಕಾಣಲ್ಲ, ಮುಟ್ಟಾದ ದಿನ ಹೆಂಗಸರಿಗೆ ಗೊತ್ತಿರುತ್ತೆ, ಅದಕ್ಕೆ. ಸುಮಾರು 200 ವರ್ಷದ ಹಿಂದೆ ಜರ್ಮನಿಯ ನೇಗೆಲೆ ಅನ್ನೋ ಡಾಕ್ಟ್ರ ಹೆಸರಲ್ಲಿ ಬಂದ ಲೆಕ್ಕಾನೇ ಇವತ್ತಿಗೂ ನಡೀತಿದೆ: ಮುಟ್ಟಾದ ತಾರೀಕಿಗೆ 7 ದಿನ ಸೇರಿಸಿ, 9 ತಿಂಗಳು ಮುಂದಕ್ಕೆ ಹೋಗಿ. ನಿಮ್ದು ಫೆಬ್ರವರಿ 20ಕ್ಕೆ ಏಳು ಸೇರಿಸಿದ್ರೆ 27, ಒಂಬತ್ತು ತಿಂಗಳಿಗೆ ನವೆಂಬರ್ 27. ಒಟ್ಟು 280 ದಿನ, 40 ವಾರ. ನಮ್ ಕಡೆ ಕೆಲವು ಅಜ್ಜಿಯರು ತಲೆಗೆ ನೀರು ಹಾಕ್ಕೊಂಡ ದಿನದಿಂದ ಎಣಿಸ್ತಾರೆ, ಕೆಲವರು ಮುಟ್ಟು ತಪ್ಪಿದ ದಿನದಿಂದ. ಹಿಂಗೆ ಒಂದೇ ಬಸುರಿಗೆ ಮನೇಲೊಂದು ತಿಂಗಳು, ಆಸ್ಪತ್ರೇಲಿ ಇನ್ನೊಂದು ತಿಂಗಳು ಆಗಿ ಕೂತಿರುತ್ತೆ.

ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಡಾಕ್ಟ್ರೇ ಕೂತು ಪುಕ್ಕಟೆ ಚೆಕಪ್ ಮಾಡ್ತಾರೆ, ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ ಅಂತ, 2016ರಿಂದ ಇದೆ. ಅವತ್ತು ಯಜಮಾನ್ರನ್ನ ಜೊತೇಲಿ ಕರ್ಕೊಂಡು ಹೋಗಿ, ಆಗೋದಾದ್ರೆ ಅತ್ತೆನೂ ಬರಲಿ. ಡಾಕ್ಟ್ರಿಗೆ ಬೇರೇನೂ ಹೇಳೋದು ಬೇಡ, "ಇವರಿಗೆ ವಾರದ ಲೆಕ್ಕ ಹೇಳ್ಕೊಡಿ" ಅಂದ್ರೆ ಸಾಕು, ಅವರಿಗೆ ಅರ್ಥ ಆಗುತ್ತೆ, ಇಂಥಾ ಮನೆಗಳನ್ನ ನಾವು ಬೇಕಾದಷ್ಟು ನೋಡಿದೀವಿ. ಮನೇಲಿ ಕೈ ಮಾಡೋ ಹಂತಕ್ಕೆ ಹೋದ್ರೆ ಮಾತ್ರ ಸುಮ್ನಿರಬೇಡಿ, 181ಕ್ಕೆ ಫೋನ್ ಮಾಡಿ, ಅದು ಹೆಂಗಸರ ಸಹಾಯವಾಣಿ.

ಇನ್ನೊಂದು ಮಾತು ನಿಮ್ಮತ್ತೆಗೆ. ಅಮ್ಮಾ, ಆವಣಿ ಬೆಟ್ಟದ ಮೇಲೆ ಸೀತಮ್ಮನ ಗುಡಿ ಇದೆ, ಲವಕುಶರನ್ನ ಹೆತ್ತಿದ್ದು ಅಲ್ಲೇ ಅಂತ ನಮ್ಮ ಜಿಲ್ಲೇಲಿ ಎಲ್ಲರೂ ನಂಬ್ತೀವಿ. ಜನರ ಮಾತಿಗೆ ತುಂಬಿದ ಬಸುರೀನ ಕಾಡಿಗೆ ಬಿಟ್ಟ ಕಥೆ ಅದು. ನೀವೂ ಆ ಬೆಟ್ಟ ಹತ್ತಿ ಆ ತಾಯಿಗೆ ಅರಿಶಿನ ಕುಂಕುಮ ಇಟ್ಟಿರ್ತೀರ. ನಿಮ್ಮ ಮನೇಲೂ ಒಬ್ಬ ಬಸುರಿ ಇದಾಳೆ, ಹೊತ್ತೊತ್ತಿಗೆ ಊಟ ಹಾಕಿ, ಪಕ್ಕದಲ್ಲಿ ಕೂತ್ಕೊಳಿ.

ಪ್ರಶ್ನೆ: ಗುಬ್ಬಿಯಿಂದ ಬರೀತಿದೀನಿ, ಚೊಚ್ಚಲು. ಗಣೇಶನ ಹಬ್ಬ ಆಗಿ ನಾಲ್ಕನೇ ದಿನ ಡೇಟ್ ಆಗಿದ್ದೆ, ಸೆಪ್ಟೆಂಬರ್ 11. ಅದರ ಪ್ರಕಾರ ಹೆರಿಗೆ ಡೇಟು ಜೂನ್ 18 ಅಂದ್ರು. 9 ವಾರದ ಸ್ಕ್ಯಾನಲ್ಲಿ ಜೂನ್ 20 ಬಂತು, ಐದನೇ ತಿಂಗಳದ್ರಲ್ಲಿ ಜೂನ್ 14, ಈಗ ಮೊನ್ನೆ ತುಮಕೂರಲ್ಲಿ ಮಾಡಿಸಿದ್ರಲ್ಲಿ ಜುಲೈ 6 ಅಂತ ಇದೆ. ಯಾವುದನ್ನ ನಂಬೋದು? ಮನೇಲಿ ಒಳ್ಳೇ ನಕ್ಷತ್ರ ನೋಡಿ ಸಿಸೇರಿಯನ್ ಮಾಡಿಸೋಣ ಅಂತಿದಾರೆ, ಅದಕ್ಕೆ ಡೇಟ್ ಬೇಕಂತೆ.

ಉತ್ತರ: ಜೂನ್ 18. ಅದನ್ನ ಇನ್ನು ಯಾರೂ ಬದಲಾಯಿಸೋ ಹಾಗಿಲ್ಲ.

ಮೊದಲ ಮೂರು ತಿಂಗಳಲ್ಲಿ ಮಕ್ಕಳೆಲ್ಲ ಹೆಚ್ಚು ಕಮ್ಮಿ ಒಂದೇ ವೇಗದಲ್ಲಿ ಬೆಳೀತಾವೆ, ಬಡವರ ಮಗು ಸಾಹುಕಾರರ ಮಗು ಅಂತಿಲ್ಲ. ತಲೆಯಿಂದ ಕುಂಡೆವರೆಗೆ ಅಳತೆ ಮಾಡ್ತೀವಿ, ಸಿಆರ್‌ಎಲ್ ಅಂತ, ಅದರ ಮೇಲೆ ಹಾಕಿದ ವಾರವೇ ಎಲ್ಲಕ್ಕಿಂತ ನಂಬಿಕಸ್ತ. 9 ವಾರದಿಂದ 14 ವಾರ ತುಂಬೋ ಒಳಗಿನ ಸ್ಕ್ಯಾನಿಗೂ ಮುಟ್ಟಿನ ಡೇಟಿಗೂ ಒಂದು ವಾರಕ್ಕಿಂತ ಜಾಸ್ತಿ ವ್ಯತ್ಯಾಸ ಬಂದ್ರೆ ಸ್ಕ್ಯಾನಿನ ಡೇಟು ತಗೋತೀವಿ, ನಿಮ್ದು ಎರಡೇ ದಿನ, ಹಾಗಾಗಿ ಮುಟ್ಟಿನದ್ದೇ ನಿಂತ್ಕೊಳುತ್ತೆ. ಆಮೇಲೆ ಹೋಗ್ತಾ ಹೋಗ್ತಾ ಒಂದೊಂದು ಮಗು ಒಂದೊಂದು ತರ ಬೆಳೆಯುತ್ತೆ, ಎಂಟನೇ ತಿಂಗಳ ಸ್ಕ್ಯಾನಲ್ಲಿ ಮೂರು ವಾರದವರೆಗೂ ಹೆಚ್ಚು ಕಮ್ಮಿ ಬರಬಹುದು. ಆ ಮೆಷಿನ್ನು ಮಗುವಿನ ಸೈಜು ನೋಡಿ ಇಷ್ಟು ವಾರದ ಮಗು ಇಷ್ಟಿರುತ್ತೆ ಅಂತ ಅಂದಾಜು ಕಟ್ಟಿ ಡೇಟು ಪ್ರಿಂಟ್ ಮಾಡುತ್ತೆ ಅಷ್ಟೇ.

ಆದ್ರೆ ಜುಲೈ 6 ಅನ್ನೋದನ್ನ ಮಡಿಚಿ ಬೀರುಲಿ ಇಡಬೇಡಿ. ನಿಮ್ಮ ಡೇಟು ಪಕ್ಕಾ ಇರೋದ್ರಿಂದ ಅದರರ್ಥ ಹೆರಿಗೆ ಮುಂದಕ್ಕೆ ಹೋಯ್ತು ಅಂತಲ್ಲ, ಮಗು ಅಳತೇಲಿ ಸುಮಾರು 18 ದಿನ ಹಿಂದಿದೆ ಅಂತ. ಅಪ್ಪ ಅಮ್ಮ ಸಣ್ಣಗಿದ್ರೆ ಮಗುನೂ ಸಣ್ಣಗಿರಬಹುದು, ಅದು ತೊಂದರೆ ಅಲ್ಲ, ಇಲ್ಲಾ ಮಾಸಿನಿಂದ ರಕ್ತ ಸರಿಯಾಗಿ ಹೋಗದೇ ಬೆಳವಣಿಗೆ ಕುಂಟ್ತಾ ಇರಬಹುದು, ಅದು ತೊಂದರೆ. ಈ ವಾರವೇ ನಿಮ್ಮ ಡಾಕ್ಟ್ರ ಹತ್ರ ಎಲ್ಲಾ ರಿಪೋರ್ಟು ಒಟ್ಟಿಗೆ ತಗೊಂಡೋಗಿ, ಬೆಳವಣಿಗೆ ಹೆಂಗಿದೆ, ನೀರು ಎಷ್ಟಿದೆ, ಡಾಪ್ಲರ್, ಅಂದ್ರೆ ಮಗುಗೆ ರಕ್ತ ಹೆಂಗೆ ಹರೀತಿದೆ ಅಂತ ನೋಡೋ ಸ್ಕ್ಯಾನ್, ಬೇಕಾ ಅಂತ ಕೇಳಿ, ಬಿಪಿ ನೋಡಿಸಿ. ಮಗು ಒದೆಯೋದು ಕಮ್ಮಿ ಆಯ್ತು ಅನ್ನಿಸಿದ್ರೆ ಬೆಳಗಾಗಲಿ ಅಂತ ಕಾಯ್ಬೇಡಿ. ನಂಗೆ ನಿಜವಾಗ್ಲೂ ಭಯ ಆಗೋದು ಎಲ್ಲಿ ಅಂದ್ರೆ ಇಂಥಾ ರಿಪೋರ್ಟು ನೋಡಿ "ಇನ್ನೂ ಟೈಮಿದೆ ಬಿಡು" ಅಂತ ಮನೇಲಿ ಕೂರೋರನ್ನ ಕಂಡಾಗ.

ನಕ್ಷತ್ರದ ವಿಷಯ. 37 ವಾರ ತುಂಬೋಕೆ ಮುಂಚೆ ಹುಟ್ಟಿದ್ರೆ ಅವಧಿಗೆ ಮುಂಚೆ ಅಂತ ಲೆಕ್ಕ, 39ರಿಂದ 41ರ ಒಳಗೆ ಪೂರ್ತಿ ದಿನ ತುಂಬಿದ್ದು, 42 ದಾಟಿದ್ರೆ ಅವಧಿ ಮೀರಿದ್ದು. ಕಾರಣ ಇಲ್ದೇ 39 ವಾರಕ್ಕೆ ಮುಂಚೆ ಸಿಸೇರಿಯನ್ ಮಾಡಿದ್ರೆ ಮಗುಗೆ ಉಸಿರಾಟದ ತೊಂದರೆ ಬರೋದು ಜಾಸ್ತಿ. ಡಾಕ್ಟ್ರೇ ಬೇಗ ತೆಗೀಬೇಕು ಅಂದ್ರೆ ಅದು ಬೇರೆ ಮಾತು, ನಕ್ಷತ್ರಕ್ಕೋಸ್ಕರ ಬೇಡ. ಏಳು ತಿಂಗಳಿಗೆ ಹುಟ್ಟಿದ್ರೆ ಉಳಿಯುತ್ತೆ ಎಂಟಕ್ಕೆ ಹುಟ್ಟಿದ್ರೆ ಉಳಿಯಲ್ಲ ಅನ್ನೋ ಮಾತೂ ಸುಳ್ಳು, ಒಳಗಿದ್ದಷ್ಟು ವಾರ ಮಗು ಬಲೀತಾ ಹೋಗುತ್ತೆ. ಮತ್ತೆ ಡೇಟು ಕೊಟ್ಟ ದಿನವೇ ಹೆರಿಗೆ ಆಗೋದು ನೂರಕ್ಕೆ ನಾಲ್ಕೈದು ಜನಕ್ಕೆ ಮಾತ್ರ, ಅವತ್ತು ನೋವು ಬರ್ಲಿಲ್ಲ ಅಂತ ಗಾಬರಿ ಬೀಳ್ಬೇಡಿ.

ಪ್ರಶ್ನೆ: ತಾಯಿ ಕಾರ್ಡಲ್ಲಿ ಜಿ3 ಪಿ1 ಎಲ್1 ಎ1 ಅಂತ ಬರೆದಿದಾರೆ. ನಾದಿನಿ ಓದಿರೋಳು, ಎ ಅಂದ್ರೆ ಅಬಾರ್ಷನ್, ಯಾವಾಗ ತೆಗೆಸಿದ್ದೆ ಅತ್ತಿಗೆ ಅಂತ ಎಲ್ಲರ ಮುಂದೆ ಕೇಳಿದ್ಲು. ನಾನು ತೆಗೆಸಿಲ್ಲ, ಎರಡೂವರೆ ತಿಂಗಳಿಗೆ ತಾನಾಗೇ ಹೋಯ್ತು. ಅಳಿಸೋಕೆ ಆಗುತ್ತಾ? ಶಿಡ್ಲಘಟ್ಟ.

ಉತ್ತರ: ಅಳಿಸೋದು ಬೇಡಮ್ಮ, ಮುಂದಿನ ಹೆರಿಗೆಗೆ ಡಾಕ್ಟ್ರಿಗೆ ಆ ವಿಷಯ ಬೇಕು. ಜಿ3 ಅಂದ್ರೆ ಇದು ಮೂರನೇ ಸಲ ಬಸುರಿ, ಪಿ1 ಅಂದ್ರೆ ಒಂದು ಹೆರಿಗೆ ಆಗಿದೆ, ಎಲ್1 ಅಂದ್ರೆ ಒಂದು ಮಗು ಬದುಕಿದೆ, ಎ1 ಅಂದ್ರೆ ಒಂದು ಗರ್ಭ ನಿಲ್ಲಲಿಲ್ಲ. ನಮ್ಮ ಓದಿನಲ್ಲಿ ಮೊದಲ 20 ವಾರದೊಳಗೆ ತಾನಾಗೇ ಜಾರಿದ್ರೂ ಅಬಾರ್ಷನ್ನೇ, ತೆಗೆಸಿದ್ರೂ ಅಬಾರ್ಷನ್ನೇ, ಆ ಪದದಲ್ಲಿ ತಪ್ಪು ಹೊರಿಸೋ ಅರ್ಥ ಇಲ್ಲ. ನಮ್ಮ ಹಳ್ಳಿ ಹೆಂಗಸರ ಮಾತೇ ಇದಕ್ಕಿಂತ ಚೆನ್ನಾಗಿದೆ, "ಹೋಯ್ತು" ಅಂದ್ರೆ ಒಂದು, "ತೆಗೆಸಿದ್ಲು" ಅಂದ್ರೆ ಇನ್ನೊಂದು. ಕಾರ್ಡು ಬರೆಯೋ ಸಿಸ್ಟರ್‌ಗಳಿಗೆ ನನ್ನ ಕೋರಿಕೆ, ಆ ಅಕ್ಷರ ಬರೆಯುವಾಗ ಒಂದ್ನಿಮಿಷ ತಗೊಂಡು ಆ ತಾಯಿಗೆ ಅರ್ಥ ಹೇಳಿ ಕಳಿಸಿ. ತಾನಾಗೇ ಹೋಗೋದು ಬಹಳ ಮಟ್ಟಿಗೆ ಆ ಗರ್ಭವೇ ಶುರುವಿಂದ ಸರಿಯಾಗಿ ಕೂಡಿರಲ್ಲ ಅನ್ನೋದಕ್ಕೆ, ನೀವು ಬಿಂದಿಗೆ ಎತ್ತಿದ್ದಕ್ಕೋ ಪರಂಗಿಹಣ್ಣು ಒಂದು ಹೋಳು ತಿಂದಿದ್ದಕ್ಕೋ ಅಲ್ಲ. ನಾದಿನಿಗೆ ಇದನ್ನ ಓದೋಕೆ ಕೊಡಿ, ಓದಿರೋಳಲ್ವಾ.

ಪ್ರಶ್ನೆ: ನಂಗೆ ಪಿಸಿಒಡಿ ಇದೆ, ಮುಟ್ಟಾಗೋದು 45 ದಿನಕ್ಕೊಂದ್ಸಲ. ಮುಟ್ಟಿನ ಲೆಕ್ಕದಲ್ಲಿ 8 ವಾರ, ಆದ್ರೆ ಸ್ಕ್ಯಾನಲ್ಲಿ 10 ಮಿಲಿಮೀಟರ್ ಚೀಲ ಮಾತ್ರ ಇದೆ, ಮಗು ಕಾಣ್ತಿಲ್ಲ, ಹಾರ್ಟ್‌ಬೀಟ್ ಇಲ್ಲ, ತೆಗೆಸಿಬಿಡಿ ಅಂತ ಒಂದು ಕಡೆ ಹೇಳಿದ್ರು. ನಾಲ್ಕು ವರ್ಷ ಕಾದಿದೀವಿ ಮೇಡಂ. ಚಿಂತಾಮಣಿ.

ಉತ್ತರ: ತೆಗೆಸ್ಬೇಡಿ, ಎರಡು ವಾರ ಕಾಯಿರಿ, ಆಮೇಲೆ ಇನ್ನೊಂದು ಸ್ಕ್ಯಾನ್.

14ನೇ ದಿನ ಮೊಟ್ಟೆ ಬರೋದು 28 ದಿನಕ್ಕೆ ಮುಟ್ಟಾಗೋರಿಗೆ. 45 ದಿನದೋರಿಗೆ ಬರೋದು ಸುಮಾರು 31ನೇ ದಿನ, ಹದಿನೇಳು ದಿನ ತಡ. ನಿಮ್ಮ 56 ದಿನದಲ್ಲಿ ಆ 17 ಕಳೀರಿ, 39 ದಿನ ಉಳಿಯುತ್ತೆ, ಅಂದ್ರೆ ಐದೂವರೆ ವಾರ. ಐದೂವರೆ ವಾರಕ್ಕೆ ಅಷ್ಟೇ ಚೀಲ ಇರಬೇಕು, ಮಗು ಕಾಣದೇ ಇರೋದು ಸಹಜ, ಹಾರ್ಟ್‌ಬೀಟ್ ಕಾಣೋದು ಆರು ವಾರ ದಾಟಿದ್ಮೇಲೆ. ಗರ್ಭ ನಿಂತೋಗಿದೆ ಅಂತ ಒಂದೇ ಸ್ಕ್ಯಾನಲ್ಲಿ ಹೇಳ್ಬೇಕಾದ್ರೆ ಒಳಗಿನಿಂದ ಮಾಡೋ ಸ್ಕ್ಯಾನಲ್ಲಿ ಚೀಲ 25 ಮಿಲಿಮೀಟರ್ ಆಗಿಯೂ ಮಗು ಇಲ್ದೇ ಇರಬೇಕು, ಇಲ್ಲಾ ಮಗು 7 ಮಿಲಿಮೀಟರ್ ಆಗಿಯೂ ಬಡಿತ ಇಲ್ದೇ ಇರಬೇಕು. ನಿಮ್ಮದು ಅದರ ಹತ್ರಕ್ಕೂ ಬಂದಿಲ್ಲ. ಹಂಗಂತ ಖಂಡಿತ ಉಳಿಯುತ್ತೆ ಅಂತ ನಾನು ಮಾತು ಕೊಡಕ್ಕಾಗಲ್ಲ, ಎರಡು ವಾರ ಆದ್ರೂ ಬಡಿತ ಬರದಿದ್ರೆ ಆಗ ನಿಂತೋಗಿದೆ ಅಂತ ಒಪ್ಕೋಬೇಕಾಗುತ್ತೆ, ಆದ್ರೆ ಆ ಎರಡು ವಾರ ನಿಮ್ಮ ಹಕ್ಕು. ಕಾಯೋ ಹೊತ್ತಲ್ಲಿ ಹೊಟ್ಟೇಲಿ ಒಂದು ಪಕ್ಕ ಜೋರು ನೋವು, ತಲೆ ಸುತ್ತಿ ಬೀಳೋದು, ಭುಜದ ತುದಿ ನೋವು, ಪ್ಯಾಡ್ ಮೇಲೆ ಪ್ಯಾಡ್ ನೆನೆಯೋ ಅಷ್ಟು ರಕ್ತ, ಇದ್ರಲ್ಲಿ ಯಾವುದಾದ್ರೂ ಬಂದ್ರೆ ಆ ಕ್ಷಣವೇ 108 ಕರೀರಿ, ಗರ್ಭ ಗರ್ಭಕೋಶದಲ್ಲಿ ಕೂರದೇ ಪಕ್ಕದ ನಾಳದಲ್ಲಿ ಕೂತಿರೋ ಸಾಧ್ಯತೆ ಇನ್ನೂ ಪೂರ್ತಿ ಹೋಗಿಲ್ಲ. ಎರಡನೇ ಸ್ಕ್ಯಾನ್ ಆದ್ಮೇಲೆ ನಂಗೆ ಒಂದು ಸಾಲು ಬರೆದು ತಿಳಿಸಿ, ಏನೇ ಬಂದಿರಲಿ.

ಪ್ರಶ್ನೆ: ಕಿಟ್ಟಲ್ಲಿ ಎರಡನೇ ಗೆರೆ ತುಂಬಾ ಮಸುಕಾಗಿದೆ. ಲೆಕ್ಕಕ್ಕುಂಟಾ? ಶಿರಾ.

ಉತ್ತರ: ಕಿಟ್ಟಿನ ಮೇಲೆ ಬರೆದಿರೋ ಟೈಮ್ ಒಳಗೆ ಬಂದಿದ್ರೆ ಉಂಟು, ಮಸುಕಾದ್ರೂ ಗೆರೆ ಗೆರೆನೇ. ಅರ್ಧ ದಿನ ಬಿಟ್ಟು ನೋಡಿದಾಗ ಕಂಡಿದ್ರೆ ಅದನ್ನ ಬಿಡಿ. ಎರಡು ದಿನ ಬಿಟ್ಟು ಬೆಳಗ್ಗೆ ಎದ್ದ ತಕ್ಷಣದ ಮೂತ್ರದಲ್ಲಿ ಇನ್ನೊಂದ್ಸಲ ನೋಡಿ, ದುಡ್ಡು ಹಾಕೋದು ಬೇಡ, ಆಶಾ ಅಕ್ಕನ ಹತ್ರ ನಿಶ್ಚಯ್ ಕಿಟ್ ಕೇಳಿ. ಮತ್ತೆ ಈಗಲೇ, ನೆನಪಿರುವಾಗಲೇ, ಕೊನೇ ಸಲ ಮುಟ್ಟಾದ ಮೊದಲನೇ ದಿನಕ್ಕೆ ಕ್ಯಾಲೆಂಡರಲ್ಲಿ ಪೆನ್ನಲ್ಲಿ ಒಂದು ಸುತ್ತು ಹಾಕಿಡಿ.