ಮುಖಕ್ಕೆ ಪಿಆರ್‌ಪಿ, ಎಕ್ಸೋಸೋಮ್: ಯಾವುದನ್ನು ಎಷ್ಟು ನಂಬಬಹುದು?

ಪ್ರಶ್ನೆ: ಡಾಕ್ಟ್ರೇ, ನನಗೆ 52 ವರ್ಷ. ಮುಟ್ಟು ನಿಂತು ಎರಡು ವರ್ಷವಾಯಿತು. ಅಲ್ಲಿಂದೀಚೆಗೆ ಮುಖದ ಚರ್ಮ ತೆಳ್ಳಗಾಗಿದೆ, ಕಣ್ಣಿನ ಸುತ್ತ ಸುಕ್ಕು ಜಾಸ್ತಿಯಾಗಿದೆ. ಒಂದು ಕ್ಲಿನಿಕ್‌ನಲ್ಲಿ ವಿಚಾರಿಸಿದೆ. ಮೂರು ಸಲ ಪಿಆರ್‌ಪಿ ಮಾಡಿಸಿ, ಜೊತೆಗೆ ಎಕ್ಸೋಸೋಮ್ ಹಾಕಿಸಿದರೆ ಚರ್ಮಕ್ಕೆ ಹತ್ತು ವರ್ಷ ಕಡಿಮೆಯಾಗುತ್ತದೆ ಎಂದರು. ಹೃದಯದ ತೊಂದರೆಗೆ ದಿನಾ ಆಸ್ಪಿರಿನ್ ತೆಗೆದುಕೊಳ್ಳುತ್ತೇನೆ. ಮಾಡಿಸಬಹುದಾ?

ಉತ್ತರ: ಹತ್ತು ವರ್ಷವೇನೂ ಕಡಿಮೆಯಾಗುವುದಿಲ್ಲ. ಆ ಮಾತನ್ನು ನಂಬಿ ಹೋಗಬೇಡಿ. ಪಿಆರ್‌ಪಿಯನ್ನು, ಅಂದರೆ ನಿಮ್ಮದೇ ರಕ್ತದ ಒಂದು ಭಾಗವನ್ನು ಮುಖಕ್ಕೆ ಕೊಡುವ ಚಿಕಿತ್ಸೆಯನ್ನು, ಎಚ್ಚರಿಕೆಯಿಂದ ಮಾಡಿಸಬಹುದು. ಆದರೆ ಈಗಲೇ ಅಲ್ಲ, ಯಾಕೆಂದು ಮುಂದೆ ಹೇಳುತ್ತೇನೆ. ಜೀವಕೋಶಗಳಿಂದ ತೆಗೆದ ಎಕ್ಸೋಸೋಮ್ ಬೇಡವೇ ಬೇಡ.

ಚರ್ಮ ತೆಳ್ಳಗಾಗಿದೆ ಅನ್ನುವುದು ನಿಮ್ಮ ಭ್ರಮೆಯಲ್ಲ. ಚರ್ಮದ ಒಳಪದರಕ್ಕೆ ಗಟ್ಟಿತನ ಕೊಡುವುದು ಕೊಲಾಜನ್. ಅದನ್ನು ತಯಾರಿಸುವುದು ಫೈಬ್ರೋಬ್ಲಾಸ್ಟ್ ಎಂಬ ಜೀವಕೋಶಗಳು. ಮುಟ್ಟು ನಿಂತಾಗ ಈಸ್ಟ್ರೋಜನ್ ಎಂಬ ಹಾರ್ಮೋನ್ ಇಳಿಯುತ್ತದೆ, ಈ ಜೀವಕೋಶಗಳ ಕೆಲಸವೂ ನಿಧಾನವಾಗುತ್ತದೆ. ಮೊದಲ ಐದು ವರ್ಷಗಳಲ್ಲೇ ಚರ್ಮದ ಕೊಲಾಜನ್ ಸುಮಾರು ಶೇ 30ರಷ್ಟು ಕಡಿಮೆಯಾಗಬಹುದು. ಇದರ ಮೇಲೆ ಬಿಸಿಲು ಬೇರೆ. ನೇರಳಾತೀತ ಕಿರಣ ಬಿದ್ದಾಗ ಚರ್ಮದಲ್ಲಿ ಕೆಲವು ಕಿಣ್ವಗಳು ಹೆಚ್ಚಾಗಿ, ಇರುವ ಕೊಲಾಜನ್ ಅನ್ನೂ ಕತ್ತರಿಸುತ್ತವೆ. ಅಂದರೆ ಹೊಸದು ಹುಟ್ಟುವುದು ಕಡಿಮೆ, ಹಳೆಯದು ಹಾಳಾಗುವುದು ಜಾಸ್ತಿ.

ಪಿಆರ್‌ಪಿಯಲ್ಲಿ ನಿಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ಹೆಚ್ಚಿರುವ ಭಾಗವನ್ನು ಬೇರೆ ಮಾಡುತ್ತಾರೆ. ಅದನ್ನು ಇಂಜೆಕ್ಷನ್ ಮೂಲಕ ಕೊಡುತ್ತಾರೆ, ಇಲ್ಲವೇ ಮೈಕ್ರೋನೀಡ್ಲಿಂಗ್ ಮಾಡಿ, ಅಂದರೆ ಚರ್ಮಕ್ಕೆ ಸಣ್ಣ ಸೂಜಿಗಳಿಂದ ತೂತು ಮಾಡಿ, ಮೇಲೆ ಹಚ್ಚುತ್ತಾರೆ. ಗಾಯವಾದಾಗ ಪ್ಲೇಟ್‌ಲೆಟ್‌ಗಳು ಬರೀ ರಕ್ತ ನಿಲ್ಲಿಸುವುದಿಲ್ಲ, ಅಂಗಾಂಶ ಬೆಳೆಯಲು ಬೇಕಾದ ಪ್ರೋಟೀನ್‌ಗಳನ್ನೂ ಬಿಡುಗಡೆ ಮಾಡುತ್ತವೆ. ಫೈಬ್ರೋಬ್ಲಾಸ್ಟ್‌ಗಳು ಇದರಿಂದ ಚುರುಕಾಗಲಿ ಎಂಬುದು ಲೆಕ್ಕಾಚಾರ.

ಲೆಕ್ಕಾಚಾರ ಸರಿಯಾಗಿಯೇ ಇದೆ. ಮುಖದ ಮೇಲೆ ಕಾಣುವ ಫಲ ಮಾತ್ರ ಅಷ್ಟು ದೊಡ್ಡದಲ್ಲ. 2018ರಲ್ಲಿ ‘ಜಾಮಾ ಡರ್ಮಟಾಲಜಿ’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ ಪ್ರತಿಯೊಬ್ಬರ ಒಂದು ಕೆನ್ನೆಗೆ ಪಿಆರ್‌ಪಿ, ಇನ್ನೊಂದಕ್ಕೆ ಬರೀ ಸಲೈನ್ ಕೊಟ್ಟರು. ಆರು ತಿಂಗಳ ನಂತರ, ಪಿಆರ್‌ಪಿ ಕೊಟ್ಟ ಕಡೆ ಚರ್ಮ ಹೆಚ್ಚು ನಯವಾಗಿದೆ ಎಂದು ಮಾಡಿಸಿಕೊಂಡವರು ಹೇಳಿದರು. ಯಾವ ಕೆನ್ನೆಗೆ ಯಾವುದು ಎಂದು ಗೊತ್ತಿಲ್ಲದ ಚರ್ಮವೈದ್ಯರಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು ಸಣ್ಣ ಅಧ್ಯಯನ, ಚಿಕಿತ್ಸೆ ಕೊಟ್ಟಿದ್ದೂ ಒಂದೇ ಸಲ. ಹಾಗಾಗಿ ಇದೇ ಕೊನೆಯ ಮಾತಲ್ಲ. ಆದರೂ ಎಷ್ಟು ಆಸೆ ಇಟ್ಟುಕೊಳ್ಳಬಹುದು ಅನ್ನುವುದಕ್ಕೆ ಒಳ್ಳೆಯ ಅಂದಾಜು ಸಿಗುತ್ತದೆ: ಚರ್ಮ ಸ್ವಲ್ಪ ನಯವಾಗಬಹುದು, ಜೋತುಬಿದ್ದದ್ದು ಮೇಲೇಳುವುದಿಲ್ಲ.

ನಿಮ್ಮದೇ ರಕ್ತವಾದ್ದರಿಂದ ಅಲರ್ಜಿಯ ಭಯ ಕಡಿಮೆ. ಕೆಲವು ದಿನ ಊತ, ಕೆಂಪು, ರಕ್ತ ಹೆಪ್ಪುಗಟ್ಟಿದ ನೀಲಿ ಗುರುತು ಇರಬಹುದು. ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ ಈ ಗುರುತು ಜಾಸ್ತಿ. ಹಾಗಂತ ಮುಖದ ಚಿಕಿತ್ಸೆಗಾಗಿ ಹೃದಯದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಕ್ಲಿನಿಕ್‌ನವರು ನಿಲ್ಲಿಸಿ ಎಂದರೂ ಮೊದಲು ಹೃದ್ರೋಗ ತಜ್ಞರನ್ನು ಕೇಳಿ. ಅವರು ಬೇಡ ಎಂದರೆ ಅಲ್ಲಿಗೆ ಬಿಟ್ಟುಬಿಡಿ.

ಇನ್ನೊಂದು ವಿಷಯವನ್ನು ಒತ್ತಿ ಹೇಳಲೇಬೇಕು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಪರವಾನಗಿ ಇಲ್ಲದ ಒಂದು ಸ್ಪಾದಲ್ಲಿ ಈ ರಕ್ತದ ಫೇಶಿಯಲ್ ಮಾಡಿಸಿಕೊಂಡ ಕೆಲವು ಮಹಿಳೆಯರಿಗೆ ಎಚ್‌ಐವಿ ತಗುಲಿತು. ಅಲ್ಲಿನ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ 2024ರಲ್ಲಿ ಇದರ ವರದಿ ಕೊಟ್ಟಿದೆ. ತಪ್ಪು ನಡೆದದ್ದು ರಕ್ತ ಮತ್ತು ಸೂಜಿಗಳನ್ನು ನಿಭಾಯಿಸಿದ ರೀತಿಯಲ್ಲಿ. ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು. ರಕ್ತ ತೆಗೆದ ಕೂಡಲೇ ಟ್ಯೂಬ್ ಮೇಲೆ ನಿಮ್ಮ ಹೆಸರು ಬರೆಯಬೇಕು. ಹೀಗೆ ಕೇಳಲು ಸಂಕೋಚ ಪಡಬೇಡಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಎಕ್ಸೋಸೋಮ್ ಯಾಕೆ ಬೇಡ? ಜೀವಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವ ಅತಿ ಸಣ್ಣ ಚೀಲಗಳಿವು. ಸಂಶೋಧನೆ ಜೋರಾಗಿ ನಡೆಯುತ್ತಿದೆ, ಮುಂದೆ ಒಳ್ಳೆಯದು ಬರಲೂಬಹುದು. ಆದರೆ ಸೀಸೆಯಲ್ಲಿ ಬರುವುದು ನಿಮ್ಮ ದೇಹದ್ದಲ್ಲ. ಹೆಚ್ಚಾಗಿ ಬೇರೆಯವರ ಜೀವಕೋಶಗಳಿಂದ ತೆಗೆದದ್ದು. ಒಂದು ತಯಾರಿಕೆಯಲ್ಲಿ ಇದ್ದದ್ದು ಇನ್ನೊಂದರಲ್ಲಿ ಅಷ್ಟೇ ಇರುತ್ತದೆ ಎಂಬ ಭರವಸೆ ಇಲ್ಲ. ಎಕ್ಸೋಸೋಮ್ ಪಡೆದವರಿಗೆ ಗಂಭೀರ ತೊಂದರೆಯಾದ ವರದಿಗಳು ಬಂದ ಮೇಲೆ, 2019ರ ಡಿಸೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಕೆಲವು ಸೀಸೆಗಳ ಮೇಲೆ ಹಚ್ಚಲು ಮಾತ್ರ ಎಂದು ಬರೆದಿರುತ್ತದೆ. ಸೂಜಿಯಿಂದ ತೂತು ಮಾಡಿದ ಚರ್ಮದ ಮೇಲೆ ಸುರಿದರೆ ಅದು ಸುಮ್ನೆ ಹಚ್ಚಿದಂತೆ ಆಗುವುದಿಲ್ಲ ಅಲ್ವಾ?

ಹಾಗಾದರೆ ಈಗ ಏನು ಮಾಡಬೇಕು? ಟ್ರೆಟಿನಾಯಿನ್ (ವಿಟಮಿನ್ ಎ ಗುಂಪಿನ, ಚರ್ಮಕ್ಕೆ ಹಚ್ಚುವ ಔಷಧಿ) ಮತ್ತು ಸನ್‌ಸ್ಕ್ರೀನ್. ಹಳೆಯದು ಎಂದು ಬೇಸರ ಪಡಬೇಡಿ. ಕೊಲಾಜನ್ ಮತ್ತೆ ಹುಟ್ಟಿಸುವುದೇ ಗುರಿಯಾದರೆ, ಟ್ರೆಟಿನಾಯಿನ್ ಅದನ್ನು ಮಾಡಿ ತೋರಿಸಿದೆ. 1993ರ ಒಂದು ಅಧ್ಯಯನದಲ್ಲಿ 10–12 ತಿಂಗಳು ಇದನ್ನು ಹಚ್ಚಿದವರ ಬಿಸಿಲಿಗೆ ಹಾಳಾದ ಚರ್ಮದಲ್ಲಿ ಕೊಲಾಜನ್ ಉತ್ಪತ್ತಿ ಶೇ 80ರಷ್ಟು ಹೆಚ್ಚಿತು. ಔಷಧಿ ಇಲ್ಲದ ಕ್ರೀಮ್ ಹಚ್ಚಿದವರಲ್ಲಿ ಶೇ 14ರಷ್ಟು ಇಳಿಯಿತು. ಸನ್‌ಸ್ಕ್ರೀನ್‌ಗೂ ಇಂಥದೇ ಬಲವಾದ ಆಧಾರವಿದೆ. ಆಸ್ಟ್ರೇಲಿಯಾದಲ್ಲಿ ನಾಲ್ಕೂವರೆ ವರ್ಷ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಾ ಹಚ್ಚಿದವರಲ್ಲಿ ಚರ್ಮಕ್ಕೆ ವಯಸ್ಸಾಗುವುದು ಶೇ 24ರಷ್ಟು ಕಡಿಮೆಯಿತ್ತು.

ಟ್ರೆಟಿನಾಯಿನ್ ಅನ್ನು ವೈದ್ಯರ ಚೀಟಿಯ ಮೇಲೆ ಕಡಿಮೆ ಪ್ರಮಾಣದಿಂದ ಶುರು ಮಾಡಿ. ವಾರಕ್ಕೆ ಎರಡು ರಾತ್ರಿ, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ಮೇಲೆ ಮಾಯಿಶ್ಚರೈಸರ್. ಮೊದಲ ಕೆಲವು ವಾರ ಚರ್ಮ ಒಣಗಿ ಸಿಪ್ಪೆ ಏಳುತ್ತದೆ. ಎಷ್ಟೋ ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಬಿಡಬೇಡಿ, ನಡುವಿನ ಅಂತರ ಹೆಚ್ಚಿಸಿ. ಆರು ತಿಂಗಳು ನೋಡಿ. ಆಮೇಲೂ ಪಿಆರ್‌ಪಿ ಬೇಕೆನಿಸಿದರೆ, ಹೃದ್ರೋಗ ತಜ್ಞರ ಒಪ್ಪಿಗೆ ಪಡೆದು ಮಾಡಿಸಿ.

ಪ್ರಶ್ನೆ: ನನ್ನದೇ ಕೊಬ್ಬಿನಿಂದ ಸ್ಟೆಮ್ ಸೆಲ್ ತೆಗೆದು ಅದೇ ದಿನ ಮುಖಕ್ಕೆ ಹಾಕುತ್ತಾರಂತೆ. ನನ್ನದೇ ಆದ್ದರಿಂದ ಅಪಾಯ ಇಲ್ಲ ತಾನೇ?

ಉತ್ತರ: ಇದೆ. ಸ್ಟೆಮ್ ಸೆಲ್ ಬೇರೆ ಬೇರೆ ರೀತಿಯ ಜೀವಕೋಶವಾಗಿ ಬದಲಾಗಬಲ್ಲದು. ಎಲ್ಲಿ ಏನಾಗುತ್ತದೆ ಎಂಬುದು ಮುಖ್ಯ. ಅಮೆರಿಕದಲ್ಲಿ ಹೀಗೆ ಮಾಡಿಸಿಕೊಂಡ ಮಹಿಳೆಯೊಬ್ಬರ ಕಣ್ಣರೆಪ್ಪೆಯಲ್ಲಿ ಮೂಳೆಯ ಚೂರುಗಳು ಸಿಕ್ಕವು. 2012ರಲ್ಲಿ ಇದು ಸುದ್ದಿಯಾಯಿತು. ಜೊತೆಗೆ ಕೊಟ್ಟಿದ್ದ ಕ್ಯಾಲ್ಸಿಯಂ ಇರುವ ಫಿಲ್ಲರ್ (ಸುಕ್ಕು ತುಂಬಲು ಚುಚ್ಚುವ ವಸ್ತು) ಆ ಜೀವಕೋಶಗಳನ್ನು ಮೂಳೆಯ ಕಡೆ ತಿರುಗಿಸಿರಬೇಕು ಎಂಬುದು ವೈದ್ಯರ ಅನುಮಾನ.

ಸರಿಯಾಗಿ ಪರೀಕ್ಷೆಗೆ ಒಳಪಟ್ಟ ಚಿಕಿತ್ಸೆ ಹೇಗಿರುತ್ತದೆ ಗೊತ್ತೇ? 2011ರಲ್ಲಿ ಎಫ್‌ಡಿಎ ಅಜ್ಫಿಸೆಲ್-ಟಿ ಎಂಬುದಕ್ಕೆ ಒಪ್ಪಿಗೆ ಕೊಟ್ಟಿತು. ಕಿವಿಯ ಹಿಂದಿನ ಚರ್ಮದ ಚೂರು ತೆಗೆದು, ಅದರ ಫೈಬ್ರೋಬ್ಲಾಸ್ಟ್‌ಗಳನ್ನು ಪ್ರಯೋಗಾಲಯದಲ್ಲಿ ತಿಂಗಳುಗಟ್ಟಲೆ ಬೆಳೆಸಿ, ಮೂರು ಸಲ ಇಂಜೆಕ್ಷನ್ ಕೊಡಬೇಕು. ಇಷ್ಟೆಲ್ಲ ಮಾಡಿದ ಮೇಲೂ ಒಪ್ಪಿಗೆ ಸಿಕ್ಕಿದ್ದು ಮೂಗಿನಿಂದ ಬಾಯಿಯವರೆಗಿನ ಗೆರೆಗೆ ಮಾತ್ರ. ಒಂದೇ ದಿನದಲ್ಲಿ ಇಡೀ ಮುಖ ಬದಲಿಸುತ್ತೇವೆ ಅನ್ನುವವರಿಂದ ದೂರ ಇರಿ.

ಪ್ರಶ್ನೆ: ಸೇಬಿನ ಸ್ಟೆಮ್ ಸೆಲ್ ಇರುವ ಕ್ರೀಮ್ ಹಚ್ಚಬಹುದಾ?

ಉತ್ತರ: ಹಚ್ಚಬಹುದು, ಮಾಯಿಶ್ಚರೈಸರ್ ಅಂದುಕೊಂಡು. ಅದರಲ್ಲಿ ಇರುವುದು ಗಿಡದ ಜೀವಕೋಶಗಳ ಸಾರ, ಜೀವಂತ ಕೋಶಗಳಲ್ಲ. ಇದ್ದಿದ್ದರೂ ಮನುಷ್ಯರ ಚರ್ಮವಾಗಿ ಬೆಳೆಯುತ್ತಿರಲಿಲ್ಲ.