ತಮ್ಮನ ವಕಾಲತ್ತು

ನನ್ ಹತ್ರ ಸಲಹೆಗೆ ಬಂದ ಅಕ್ಕ-ತಮ್ಮ ಇಬ್ರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯ್ಸಿದೀನಿ. ಅಕ್ಕಂಗೆ 36, ತಮ್ಮಂಗೆ 29, ಅವನಿಗೆ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ ಇದೆ ಅಂತ ಗೊತ್ತಾಗಿ ಆರು ವರ್ಷ ಆಯ್ತು. ಮನೆಯವ್ರು ಮಾಟ ಮಂತ್ರ ಅಂತ ಅಲೀತಿದ್ದಾಗ ಜಗಳ ಆಡಿ ಆಸ್ಪತ್ರೆಗೆ ಕರ್ಕೊಂಡ್ ಹೋದವ್ರು ಈ ಅಕ್ಕನೇ, ಮದ್ವೆಮನೇಲಿ ಯಾರೋ ಹುಚ್ಚ ಅಂದಿದ್ದಕ್ಕೆ ಎಲೆ ಮುಂದಿಂದ ಎದ್ದು ಬಂದವ್ರೂ ಅವ್ರೇ, ಈಗ ಯುಡಿಐಡಿ ಅನ್ನೋ ಅಂಗವಿಕಲರ ಗುರುತಿನ ಕಾರ್ಡ್‌ಗೆ ಕಾಗದ ಹಿಡ್ಕೊಂಡು ಓಡಾಡ್ತಿರೋರೂ ಅವ್ರೇ. "ಇವನಿಗೋಸ್ಕರ ನೆಂಟ್ರನ್ನೆಲ್ಲಾ ಎದುರು ಹಾಕ್ಕೊಂಡೆ ಮೇಡಂ, ಇವ್ನು ನೋಡಿದ್ರೆ ಮೂರ್ ತಿಂಗಳಿಂದ ನನ್ ಜೊತೆ ಮಾತೇ ಬಿಟ್ಟಿದಾನೆ" ಅಂತ ಅತ್ರು.

ತಮ್ಮನ್ನ ಒಬ್ಬನ್ನೇ ಕೂರ್ಸಿ ಮಾತಾಡ್ಸಿದೆ. ಇಪ್ಪತ್ ನಿಮಿಷ ಸುಮ್ನಿದ್ದ, ಆಮೇಲೆ ನಿದ್ದೆ ವಿಷ್ಯ ತೆಗೆದ. ಮಾತ್ರೆ ತಗೊಂಡ್ರೆ ಬೆಳಿಗ್ಗೆ ಹನ್ನೊಂದಾದ್ರೂ ತಲೆ ಎತ್ತಕ್ಕಾಗಲ್ವಂತೆ, ಜೆರಾಕ್ಸ್ ಅಂಗಡಿಲಿ ಸಿಕ್ಕಿದ್ ಕೆಲ್ಸ ಅದಕ್ಕೇ ಹೋಯ್ತಂತೆ, ಆದ್ರೆ ಡಾಕ್ಟರ್ ನಿದ್ದೆ ಹೇಗಿದೆ ಅಂದಾಗೆಲ್ಲಾ ಅಕ್ಕ "ಚೆನ್ನಾಗ್ ಮಾಡ್ತಾನೆ ಸಾರ್" ಅಂತ ಖುಷಿಯಾಗಿ ಹೇಳ್ಬಿಡ್ತಾರಂತೆ. ಕಾರ್ಡ್ ವಿಷ್ಯನೂ ಅವನನ್ನ ಕೇಳೇ ಇಲ್ಲ.

ಅಕ್ಕನ ಪ್ರೀತೀಲಿ ನಂಗೆ ಒಂಚೂರೂ ಅನುಮಾನ ಇಲ್ಲ, ಇಂಥ ಒಬ್ರು ಇಲ್ದೇನೇ ವರ್ಷಗಟ್ಲೆ ಚಿಕಿತ್ಸೆ ಸಿಗದೆ ಒದ್ದಾಡಿದ ಹುಡುಗ್ರನ್ನ ನೋಡಿದೀನಿ. ಆದ್ರೂ ಒಂದ್ ಮಾತು ಹೇಳ್ಲೇಬೇಕಾಯ್ತು. ಕೋರ್ಟಲ್ಲಿ ಲಾಯರ್ ನಮ್ ಪರ ನಿಲ್ಬೇಕು ಅಂದ್ರೂ ಮೊದ್ಲು ವಕಾಲತ್ ನಾಮಕ್ಕೆ ನಾವ್ ಸೈನ್ ಹಾಕ್ಬೇಕಲ್ವಾ, ನಿಮ್ ತಮ್ಮ ಯಾವಾಗ ಹಾಕ್ದ ಅಂತ ಕೇಳ್ದೆ. ತುಂಬಾ ಹೊತ್ತು ಸುಮ್ನೆ ಕೂತಿದ್ರು.

ಸಲಹೆ ಕೊಟ್ಟಿದ್ದು ಇಷ್ಟು. ಡಾಕ್ಟರ್ ಹತ್ರ ಹೋಗೋ ಹಿಂದಿನ್ ದಿನ ಅವನೇ ಚೀಟೀಲಿ ತನ್ ತೊಂದ್ರೆ ಬರ್ಕೋಬೇಕು, ಒಳಗೆ ಮೊದ್ಲು ಅವನೇ ಮಾತಾಡ್ಬೇಕು, ಬಿಟ್ಟಿದ್ದು ಇದ್ರೆ ಅಕ್ಕ ಅವನ ಮುಂದೇನೇ ಅವನನ್ನ ಕೇಳಿ ಸೇರಿಸ್ಬೇಕು. ಮಾತ್ರೆ ಮಾತ್ರ ತಾವಾಗೇ ನಿಲ್ಸೋ ಹಾಗಿಲ್ಲ. ಮಾನಸಿಕ ಅಸ್ವಸ್ಥತೆನೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿರೋ 21 ವೈಕಲ್ಯಗಳಲ್ಲಿ ಬರುತ್ತೆ, ಕಾರ್ಡಿಂದ ಅನುಕೂಲ ಇದೆ, ಆದ್ರೆ ಅದು ಅವನ ಹೆಸ್ರಲ್ಲಿ ಬರೋ ಕಾರ್ಡು, ಅವನು ಹೂಂ ಅಂದ್ಮೇಲೆ ಅರ್ಜಿ ಅಂದೆ.

ಇನ್ನೊಂದು, ಇದು ಬಹಳ ಮನೆಗಳಿಗೆ ಗೊತ್ತಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೇಲಿ ನನ್ನ ಪ್ರತಿನಿಧಿ ಇವ್ರು ಅಂತ ರೋಗಿನೇ ಬಿಳಿ ಹಾಳೇಲಿ ಬರ್ದು ಸೈನ್ ಹಾಕಿ ನೇಮಿಸ್ಬೋದು, ಬೇಡ ಅನ್ಸಿದ್ರೆ ಯಾವಾಗ ಬೇಕಾದ್ರೂ ಬದಲಾಯಿಸ್ಬೋದು, ಪ್ರತಿನಿಧಿ ಆದವ್ರು ಅವನ ಇಷ್ಟ ಏನು ಅನ್ನೋದನ್ನ ಗಮನದಲ್ಲಿ ಇಟ್ಕೊಂಡೇ ನಡೀಬೇಕು. ಮುಂದೆ ಕಾಯಿಲೆ ಜಾಸ್ತಿ ಆದ್ರೆ ಯಾವ್ ಚಿಕಿತ್ಸೆ ಬೇಕು ಯಾವ್ದು ಬೇಡ ಅಂತ ಈಗ್ಲೇ ಬರ್ದಿಡೋಕೂ ದಾರಿ ಇದೆ. ಅಕ್ಕಂಗೂ ಉಸಿರಾಡೋಕೆ ಜಾಗ ಬೇಕು, ರಾತ್ರಿ ಹೊತ್ತು ತೀರಾ ಕಷ್ಟ ಆದ್ರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಬರ್ದು ಕೊಟ್ಟೆ.

ಮುಂದಿನ್ ಸಲ ನಿದ್ದೆ ವಿಷ್ಯ ಅವನೇ ಡಾಕ್ಟರ್‌ಗೆ ಹೇಳ್ದ, ಅವ್ರು ಮಾತ್ರೆ ಟೈಮ್ ಬದಲಾಯ್ಸಿದ್ರು, ಈಗ ಎಂಟೂವರೆಗೆಲ್ಲಾ ಏಳ್ತಿದಾನಂತೆ. ಕಾರ್ಡ್ ಸದ್ಯಕ್ಕೆ ಬೇಡ ಅಂದಿದಾನೆ. ಪ್ರತಿನಿಧಿ ಕಾಗದ ಇನ್ನೂ ಖಾಲಿನೇ ಇದೆ, ಯೋಚ್ನೆ ಮಾಡಿ ಹೇಳ್ತೀನಿ ಅಂದಿದಾನೆ, ಅಕ್ಕ ಕಾಯ್ತಿದಾರೆ.