ಕಂಪ್ಯೂಟರ್ ಪ್ರಶ್ನೋತ್ತರ: ಕರೆಂಟು ಬಂದರೂ ಲೆಕ್ಕದ ಫೋಲ್ಡರ್ ಖಾಲಿ

ಪ್ರಶ್ನೆ: ಸಾಗರದಲ್ಲಿ ನಮ್ಮದೊಂದು ಅಡಿಕೆ ಮಂಡಿಯಿದೆ. ಕಚೇರಿಯ ಲಿನಕ್ಸ್ ಕಂಪ್ಯೂಟರುಗಳೆಲ್ಲ ಒಳಕೋಣೆಯ ಸರ್ವರಿನಲ್ಲಿರುವ ಲೆಕ್ಕದ ಫೋಲ್ಡರನ್ನು ಎನ್‌ಎಫ್‌ಎಸ್ (ಬೇರೆ ಕಂಪ್ಯೂಟರಿನ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ತನ್ನದರಂತೆ ಬಳಸುವ ವ್ಯವಸ್ಥೆ) ಮೂಲಕ ಬಳಸುತ್ತವೆ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ ಅವು ಆರಂಭದ ಪರದೆಯಲ್ಲೇ ಒಂದೂವರೆ ನಿಮಿಷ ನಿಂತುಬಿಡುತ್ತವೆ. ಆಮೇಲೆ ಲಾಗಿನ್ ಆದರೂ ಫೋಲ್ಡರ್ ಖಾಲಿ. ರೀಸ್ಟಾರ್ಟ್ ಮಾಡಿದರೆ ಸರಿಯಾಗುತ್ತದೆ, ಆದರೆ ಆ ನಡುವೆ ಸೇವ್ ಮಾಡಿದ ತೂಕದ ಚೀಟಿಗಳು ಸಿಗುತ್ತಿಲ್ಲ. ಪರಿಚಯದವರು ಹೇಳಿದಂತೆ ‘_ನೆಟ್‌ಡೆವ್’ (ಈ ಫೋಲ್ಡರಿಗೆ ನೆಟ್‌ವರ್ಕ್ ಬೇಕೆಂಬ ಸೂಚನೆ) ಸೇರಿಸಿಯೂ ಪ್ರಯೋಜನವಾಗಲಿಲ್ಲ.

ಉತ್ತರ: ಮೊದಲು ಚೀಟಿಗಳ ವಿಚಾರ. ಅವು ಅಳಿಸಿಹೋಗಿಲ್ಲ. ಸರ್ವರ್ ಜೋಡಣೆಯಾಗದಿದ್ದಾಗ ಆ ಫೋಲ್ಡರ್ ಕಂಪ್ಯೂಟರಿನ ಸ್ವಂತ ಡಿಸ್ಕಿನ ಒಂದು ಸಾಮಾನ್ಯ ಫೋಲ್ಡರ್ ಅಷ್ಟೆ. ನಿಮ್ಮವರು ಸೇವ್ ಮಾಡಿದ್ದು ಅದರೊಳಕ್ಕೆ. ಮುಂದಿನ ಸಲ ಎನ್‌ಎಫ್‌ಎಸ್ ಅದರ ಮೇಲೆ ಬಂದು ಕೂತಾಗ ಕೆಳಗಿನದು ಮರೆಯಾಗುತ್ತದೆ. ಕಡತಗಳನ್ನೆಲ್ಲ ಮುಚ್ಚಿ, ‘ಯುಮೌಂಟ್’ ಆಜ್ಞೆಯಿಂದ ಜೋಡಣೆಯನ್ನು ಬಿಡಿಸಿ ಅದೇ ಫೋಲ್ಡರನ್ನು ತೆರೆದರೆ ಚೀಟಿಗಳು ಕಾಣಿಸುತ್ತವೆ. ಅವನ್ನು ಬೇರೆಡೆಗೆ ಸರಿಸಿದ ನಂತರವೇ ಮತ್ತೆ ಜೋಡಿಸಿ. ಈ ಕೆಲಸವನ್ನು ಪ್ರತಿಯೊಂದು ಕಂಪ್ಯೂಟರಿನಲ್ಲೂ ಮಾಡಬೇಕಾಗುತ್ತದೆ.

ಇನ್ನು ಮೂಲ ಕಾರಣ. ಕರೆಂಟು ಬಂದೊಡನೆ ಎಲ್ಲ ಯಂತ್ರಗಳೂ ಒಟ್ಟಿಗೆ ಶುರುವಾಗುತ್ತವೆ; ಆದರೆ ಹಠಾತ್ತನೆ ಆರಿಹೋದ ಸರ್ವರ್ ತನ್ನ ಡಿಸ್ಕುಗಳನ್ನು ಪರೀಕ್ಷಿಸಿಕೊಂಡು ಏಳುವಷ್ಟರಲ್ಲಿ ಮೇಜಿನ ಮೇಲಿನ ಕಂಪ್ಯೂಟರುಗಳು ಬಾಗಿಲು ತಟ್ಟಿ ಆಗಿರುತ್ತದೆ. ಯಾವುದನ್ನು ಎಲ್ಲಿ ಜೋಡಿಸಬೇಕೆಂದು ಬರೆದಿರುವ ‘ಎಫ್‌ಸ್ಟ್ಯಾಬ್’ ಕಡತದ ಸಾಲನ್ನು, ಲಿನಕ್ಸಿನ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಒಂದು ಮೌಂಟ್ (ಜೋಡಣೆ) ಘಟಕವಾಗಿ ಮಾರ್ಪಡಿಸಿ, ಬೇರೆ ಸೂಚನೆಯಿಲ್ಲದಿದ್ದರೆ 90 ಸೆಕೆಂಡು ಕಾದು ಕೈಬಿಡುತ್ತದೆ. ಲಾಗಿನ್‌ಗೆ ಅನುಮತಿ ಕೊಡುವ ಘಟಕವು ದೂರದ ಫೋಲ್ಡರುಗಳ ಕೆಲಸ ಮುಗಿಯುವವರೆಗೆ ಕಾಯುವುದರಿಂದ ನಿಮಗೆ ಆ ಒಂದೂವರೆ ನಿಮಿಷ ಪರದೆ ನಿಂತಂತೆ ಕಾಣುತ್ತದೆ. ‘_ನೆಟ್‌ಡೆವ್’ ಇಲ್ಲಿ ಉಪಯೋಗಕ್ಕೆ ಬಾರದು: ಕಡತವ್ಯವಸ್ಥೆಯ ಹೆಸರು ಎನ್‌ಎಫ್‌ಎಸ್ ಎಂದಿದ್ದರೆ ಅದಕ್ಕೆ ನೆಟ್‌ವರ್ಕ್ ಬೇಕೆಂಬುದು ಸಿಸ್ಟಮ್‌ಡಿಗೆ ಆಗಲೇ ಗೊತ್ತು. ಅಷ್ಟಕ್ಕೂ ನೆಟ್‌ವರ್ಕ್ ಸಿದ್ಧವಾಗಿದೆ ಎಂದರೆ ಈ ಕಂಪ್ಯೂಟರಿಗೆ ವಿಳಾಸ ಸಿಕ್ಕಿದೆ ಎಂದಷ್ಟೇ ಅರ್ಥ, ಸರ್ವರ್ ಎದ್ದಿದೆ ಎಂದಲ್ಲ.

ಊಹೆ ಬೇಡವೆಂದರೆ ಆರಂಭದ ದಾಖಲೆ ತೋರಿಸುವ ‘ಜರ್ನಲ್‌ಸಿಟಿಎಲ್ -ಬಿ’ ಓಡಿಸಿ ಮೌಂಟ್ ಸಾಲುಗಳನ್ನು ಓದಿ. ‘ನೋ ರೂಟ್ ಟು ಹೋಸ್ಟ್’ ಎಂದಿದ್ದರೆ ಸರ್ವರ್ ಇನ್ನೂ ಎದ್ದಿಲ್ಲ, ಇಲ್ಲವೇ ನಡುವಿನ ಸ್ವಿಚ್ ಸಿದ್ಧವಾಗಿಲ್ಲ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದಿದ್ದರೆ ಸರ್ವರ್ ಎದ್ದಿದೆ, ಆದರೆ ಅದರ ಎನ್‌ಎಫ್‌ಎಸ್ ಸೇವೆ ಇನ್ನೂ ಶುರುವಾಗಿಲ್ಲ. ಹೆಸರು ಪತ್ತೆಯಾಗಲಿಲ್ಲವೆಂಬ ದೂರಿದ್ದರೆ ಸರ್ವರಿನ ಹೆಸರನ್ನೂ ಐಪಿ ವಿಳಾಸವನ್ನೂ ‘ಹೋಸ್ಟ್ಸ್’ ಕಡತದಲ್ಲಿ ಬರೆದಿಡಿ.

ಪರಿಹಾರವಾಗಿ ನಾನು ಸೂಚಿಸುವುದು, ಆರಂಭದ ಹೊತ್ತಿನಲ್ಲಿ ಜೋಡಿಸುವುದನ್ನೇ ಬಿಟ್ಟುಬಿಡಿ ಎಂದು. ಎಫ್‌ಸ್ಟ್ಯಾಬ್ ಸಾಲಿನ ಆಯ್ಕೆಗಳಿಗೆ ‘ನೋಫೇಲ್’ (ಜೋಡಣೆಯಾಗದಿದ್ದರೂ ಆರಂಭ ನಿಲ್ಲದಿರಲಿ ಎಂಬ ಸೂಚನೆ) ಮತ್ತು ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’ ಎಂಬೆರಡನ್ನು ಸೇರಿಸಿ, ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’ ಕೊಟ್ಟು ರೀಸ್ಟಾರ್ಟ್ ಮಾಡಿ. ಇನ್ನು ಮುಂದೆ ಯಾರಾದರೂ ಫೋಲ್ಡರನ್ನು ಮುಟ್ಟಿದಾಗ ಮಾತ್ರ ಜೋಡಣೆ ನಡೆಯುತ್ತದೆ. ಸರ್ವರ್ ಸಿಗದಿದ್ದರೆ ದೋಷದ ಸಂದೇಶ ಬರುತ್ತದೆಯೇ ಹೊರತು ಖಾಲಿ ಫೋಲ್ಡರ್ ತೆರೆದುಕೊಳ್ಳುವುದಿಲ್ಲ. ಚೀಟಿಗಳು ಮರೆಯಾಗುವ ತೊಂದರೆಯೂ ಇದರಿಂದಲೇ ತಪ್ಪುತ್ತದೆ. ‘ಸಾಫ್ಟ್’ ಆಯ್ಕೆ ಹಾಕಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಬರೆಯುವ ಕೆಲಸವನ್ನು ಅರ್ಧಕ್ಕೇ ಕೈಬಿಡಬಲ್ಲದು, ಹಣದ ಲೆಕ್ಕಕ್ಕೆ ಅದು ಸಲ್ಲದು. ಸರ್ವರಿಗೆ ಯುಪಿಎಸ್ ಇದ್ದರೆ ಸ್ವಿಚ್ಚನ್ನೂ ಅದಕ್ಕೇ ಜೋಡಿಸಿ. ಬಹಳಷ್ಟು ಕಚೇರಿಗಳಲ್ಲಿ ಇದು ಮರೆತುಹೋಗಿರುತ್ತದೆ.

ಪ್ರಶ್ನೆ: ತೀರ್ಥಹಳ್ಳಿಯ ವಿದ್ಯಾರ್ಥಿ ನಾನು. ನನ್ನ ಲಿನಕ್ಸ್ ಕಂಪ್ಯೂಟರ್ ‘ಎಮರ್ಜೆನ್ಸಿ ಮೋಡ್’ಗೆ ಹೋಗಿ ನಿಲ್ಲುತ್ತಿದೆ. ಕಾಲೇಜಿನ ಎನ್‌ಎಫ್‌ಎಸ್ ಸರ್ವರ್ ಇಲ್ಲಿ ಸಿಗದಿರುವುದೇ ಕಾರಣವೇ?

ಉತ್ತರ: ಅಲ್ಲ. ದೂರದ ಫೋಲ್ಡರ್ ಸಿಗದಿದ್ದರೆ ತಡವಾಗಬಹುದು, ಆದರೆ ಎಮರ್ಜೆನ್ಸಿ ಮೋಡ್ ಬರುವುದಿಲ್ಲ. ಸ್ಥಳೀಯ ಡಿಸ್ಕಿನ ಸಾಲೊಂದು ವಿಫಲವಾದಾಗ ಹೀಗಾಗುತ್ತದೆ. ಎಂದೋ ಎಫ್‌ಸ್ಟ್ಯಾಬ್‌ಗೆ ಸೇರಿಸಿ ಈಗ ಕಳಚಿಟ್ಟಿರುವ ಯುಎಸ್‌ಬಿ ಡಿಸ್ಕು ನಿಮ್ಮ ಬಳಿ ಇದೆಯೇ, ನೋಡಿ. ಅದೇ ಪರದೆಯಲ್ಲಿ ರೂಟ್ ಪಾಸ್‌ವರ್ಡ್ ಕೊಟ್ಟು, ಆ ಸಾಲಿಗೆ ‘ನೋಫೇಲ್’ ಸೇರಿಸಿ. ರೀಸ್ಟಾರ್ಟ್ ಮಾಡುವ ಮುನ್ನ ‘ಫೈಂಡ್‌ಎಂಎನ್‌ಟಿ --ವೆರಿಫೈ’ ಓಡಿಸಿದರೆ ಕಡತದಲ್ಲಿ ಅಕ್ಷರ ತಪ್ಪಿದ್ದರೂ ತಿಳಿಯುತ್ತದೆ.